ನಡೆಯುತ್ತಾರೆ ಎಂದ ಮಾತ್ರಕ್ಕೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ನಮ್ಮ ಮೈಸೂರಿನವರು ಹೇಳುವ ಸಮಾಧಾನ ಒಂದೇ: ‘ಓಡಾಡ್ಕೊಂಡಿದ್ದೀರಲ್ಲ, ಇನ್ನೇನು ಬೇಕು?’ ಮನೆಯವರು, ಕಚೇರಿಯವರು ಇರಲಿ, ಎಷ್ಟೋ ವೈದ್ಯರೂ ಮಂಡಿ ತಟ್ಟಿ, ನಾಲ್ಕು ಹೆಜ್ಜೆ ನಡೆಸಿ, ‘ಮೈಲ್ಡ್’ ಎಂದು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಈ ಅಸಡ್ಡೆ ನಿಲ್ಲಬೇಕು.

ಕಾಯಿಲೆ ಕಾಲಿನದಲ್ಲ; ಮಿದುಳು, ಬೆನ್ನುಹುರಿಯದು. ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ, ಸಂದೇಶ ತಡವಾಗುತ್ತದೆ. ನೆನಪು ಕುಂದುವುದನ್ನೂ ಯೋಚನೆ ನಿಧಾನವಾಗುವುದನ್ನೂ ಫ್ರಾನ್ಸಿನ ನರವೈದ್ಯ ಷಾರ್ಕೊ 1868ರಲ್ಲೇ ಗುರುತಿಸಿದ್ದ. ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಈ ತೊಂದರೆ ಇದೆ. ಕೈಕಾಲು ನೆಟ್ಟಗಿರುವವರೂ ಅವರಲ್ಲಿ ಸೇರಿದ್ದಾರೆ. ಆದರೆ ರೋಗದ ತೀವ್ರತೆ ಅಳೆಯಲು ವೈದ್ಯರು ಬಳಸುವ ಕರ್ಟ್ಜ್‌ಕಿ ಮಾಪಕದಲ್ಲಿ ನಾಲ್ಕರ ಮೇಲಿನ ಅಂಕವೆಲ್ಲ ಬಹುಪಾಲು ನಡಿಗೆಯ ಲೆಕ್ಕ.

ಈ ಕಾಯಿಲೆಯಿರುವ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರನ್ನು ನೆನೆಸಿಕೊಳ್ಳಿ. ಹಾಜರಿ ಕೂಗುವಾಗ ಬಾಗಿಲಲ್ಲಿ ಯಾರಾದರೂ ಮಾತಾಡಿಸಿದರೆ, ಯಾವ ಹೆಸರಿಗೆ ನಿಲ್ಲಿಸಿದ್ದು ಎಂಬುದೇ ಹಾರಿಹೋಗುತ್ತದೆ. ಸ್ಟಾಫ್ ರೂಮಿನಲ್ಲಿ ಒಬ್ಬರ ಮಾತು ತಲೆಗೆ ಹತ್ತುವಷ್ಟರಲ್ಲಿ ಇನ್ನೊಬ್ಬರದು ಮುಗಿದಿರುತ್ತದೆ. ವಿಷಯ ಗೊತ್ತು, ಹೊತ್ತು ಸಾಲದು. ಇದಕ್ಕೆ ನಾವು ಕೊಡುವ ಹೆಸರು ಸೋಮಾರಿತನ, ಟೆನ್ಷನ್, ನಾಟಕ. ಹೀಗೆ ಅನ್ನುವುದು ಕ್ರೌರ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ರೋಗವನ್ನು ಹೆಸರಿಟ್ಟೇ ಪಟ್ಟಿಗೆ ಸೇರಿಸಿದೆ. ಕೆಲಸದಲ್ಲಿ ತಕ್ಕ ಅನುಕೂಲ ಮಾಡಿಕೊಡುವುದು ಸರ್ಕಾರಿ ಕಚೇರಿಗಳ ಹೊಣೆ. ಮುಖ್ಯೋಪಾಧ್ಯಾಯರು ಅದನ್ನು ಓದಿದ್ದಾರೆಯೇ?

ಯೋಚನೆ ನಿಧಾನವಾಗಿದೆಯೇ ಎಂದು ಪರೀಕ್ಷೆ ಮಾಡುವುದೇನೂ ಕಷ್ಟವಲ್ಲ. ಒಂದು ಹಾಳೆ ಸಾಕು. ಮೇಲ್ಗಡೆ ಒಂಬತ್ತು ಚಿಹ್ನೆ, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಅವೇ ಚಿಹ್ನೆಗಳು ಕಲಸಿಕೊಂಡ ಸಾಲುಗಳು. ನೋಡಿ ನೋಡಿ ಅಂಕಿ ಹೇಳುತ್ತಾ ಹೋಗಬೇಕು, 90 ಸೆಕೆಂಡು. ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಆಗಲೇಬೇಕೆಂಬ ಶಿಫಾರಸು ಅಮೆರಿಕದಲ್ಲಿ 2018ರಲ್ಲೇ ಹೊರಬಿತ್ತು. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಜನರಿಗೆ ಹೊಂದುವ ಮಾನಸಿಕ ಸಾಮರ್ಥ್ಯದ ಪರೀಕ್ಷೆಗಳನ್ನು 2004ರಲ್ಲೇ ಒಟ್ಟುಮಾಡಿಟ್ಟಿದೆ. 1930ರಿಂದ ವೈದ್ಯಕೀಯ ಕಾಲೇಜು ಇರುವ, ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇರುವ ಊರಿನವರು ಸೌಕರ್ಯವಿಲ್ಲ ಎಂದು ಕೈಚೆಲ್ಲುವ ಹಾಗಿಲ್ಲ.

‘ಗೊತ್ತಾದರೂ ಮಾಡೋದೇನು?’ ಎಂಬ ಮಾತೂ ಬೇಡ. ಖಿನ್ನತೆ, ನಿದ್ದೆಗೇಡು, ಬಿ12 ಕೊರತೆಯಿಂದಲೂ ತಲೆ ಹೀಗೆ ಮಂಕಾಗುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ರೋಗದಿಂದಲೇ ಬಂದದ್ದಾದರೆ ನೆನಪಿಗೆ, ಗಮನಕ್ಕೆ ತರಬೇತಿ ಕೊಡುವವರಿದ್ದಾರೆ. ರೋಗವನ್ನು ತಡೆಹಿಡಿಯುವ ಔಷಧಿ ಬದಲಿಸಬೇಕೇ ಎಂದು ವೈದ್ಯರು ಯೋಚಿಸಬಹುದು. ಮುಂದಿನ ಸಲ ಆಸ್ಪತ್ರೆಗೆ ಮನೆಯವರೊಬ್ಬರು ಜೊತೆಗೆ ಹೋಗಿ. ಮರೆತದ್ದು, ತಡವರಿಸಿದ್ದು ಎಲ್ಲ ಬರೆದುಕೊಂಡು ಹೋಗಿ, ವೈದ್ಯರ ಮುಂದಿಟ್ಟು, ಪರೀಕ್ಷೆ ಆಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.