ರಥಮುಸಲ ಮತ್ತು ಶ್ರಾವಕನ ಲಾಭಾಂಶ

ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿ ಒಂದು ಭಯಂಕರ ರಥದ ಪ್ರಸ್ತಾಪವಿದೆ. ಮಗಧದ ಕೂಣಿಕನಿಗೂ ವೈಶಾಲಿಯ ಗಣರಾಜರಿಗೂ ನಡೆದ ಸಮರದಲ್ಲಿ ಅಶ್ವವಿಲ್ಲದ, ಸಾರಥಿಯಿಲ್ಲದ, ಯೋಧನಿಲ್ಲದ ಆ ರಥವು ಒನಕೆಯನ್ನು ಹೊತ್ತು ತಿರುಗುತ್ತ ಜನಸಂಹಾರ ಮಾಡಿತು. ಆ ಯುದ್ಧಕ್ಕೆ ರಥಮುಸಲವೆಂದೇ ಹೆಸರಾಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಾಂಗಣದಲ್ಲಿ ಬ್ರಿಟಿಷರ ಉಕ್ಕಿನ ರಥಗಳು ಮೊದಲ ಬಾರಿಗೆ ಉರುಳಿದವು. ಗುಟ್ಟು ಕಾಯಲು ಅವುಗಳನ್ನು ನೀರಿನ ತೊಟ್ಟಿಗಳೆಂದು ಹೇಳಲಾಗಿತ್ತು. ‘ಟ್ಯಾಂಕ್’ ಎಂಬ ಹೆಸರು ಬಂದದ್ದು ಹಾಗೆ. ಹಿಂಸೆಯ ಈ ಉಪಕರಣ ಹುಟ್ಟುವಾಗಲೇ ಅಸತ್ಯದ ಹೊದಿಕೆಯನ್ನು ಹೊದ್ದಿತ್ತು.

ಸೇನಾಸಾರಿಗೆಯ ಇತಿಹಾಸ ಕನ್ನಡನಾಡಿಗೆ ಹೊರಗಿನದಲ್ಲ. 1786ರ ಅಕ್ಟೋಬರಿನಲ್ಲಿ ಸವಣೂರಿನ ಬಳಿ ಟೀಪು ಸುಲ್ತಾನನ ಸೇನೆ ಮರಾಠರ ಮತ್ತು ನಿಜಾಮನ ಕೂಡುಪಡೆಯನ್ನು ಎದುರಿಸಿತು. ಮೈಸೂರಿನ ಫಿರಂಗಿಗಳನ್ನು ಎಳೆಯುತ್ತಿದ್ದವು ಅಮೃತಮಹಲ್ ಎತ್ತುಗಳು. ಮೂಕಪ್ರಾಣಿಯ ಮೇಲೆ ಅತಿಯಾದ ಭಾರ ಹೇರುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲೊಂದು. ಯಂತ್ರವಾಹನ ಬಂದು ಎತ್ತಿನ ಹೆಗಲಿನ ನೊಗ ಇಳಿಯಿತು, ನಿಜ. ಆದರೆ ಸಂಹಾರದ ಹೊರೆ ಇಳಿಯಲಿಲ್ಲ. ಎತ್ತು ಹೊರಲಾರದಷ್ಟಕ್ಕೆ ಬೆಳೆಯಿತು.

1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ಮಣ್ಣೆತ್ತುವ ಯಂತ್ರಗಳನ್ನೂ ಮೆಟ್ರೋ ರೈಲಿನ ಬೋಗಿಗಳನ್ನೂ ತಯಾರಿಸುತ್ತದೆ. ಚೆಕೊಸ್ಲೊವಾಕಿಯಾದೊಡನೆ 1986ರಲ್ಲಿ ಆದ ಒಪ್ಪಂದದಿಂದ ಟಾಟ್ರಾ ಲಾರಿಗಳನ್ನೂ ಅದು ಸೇನೆಗೆ ಒದಗಿಸಿತು. ಪಿನಾಕ ರಾಕೆಟ್ ಉಡಾವಕಗಳು ಏರಿರುವುದು ಅಂಥ ಲಾರಿಗಳ ಮೇಲೆಯೇ. ಈ ಸಂಸ್ಥೆಯ ಷೇರುಗಳು ಪೇಟೆಯಲ್ಲಿ ಎಲ್ಲರಿಗೂ ಲಭ್ಯ. ವಿಚಾರ ಮಾಡಬೇಕಾದ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ.

“ವಾಹನವೇನು ಆಯುಧವೇ? ಹಿರೇಕೆರೂರಿನ ಮೆಕ್ಕೆಜೋಳ ಹೊರುವುದೂ ಲಾರಿಯೇ” ಎಂಬ ಸಮಾಧಾನ ಸುಲಭ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವನ್ನು ನಿರೂಪಿಸುವಾಗ ಖಡ್ಗದ ಜೊತೆಗೆ ಗುದ್ದಲಿ, ಬೆಂಕಿ, ಸರಪಳಿಗಳನ್ನೂ ಸೇರಿಸಿದ್ದಾರೆ. ವಸ್ತುವಿನ ಹೆಸರು ದೋಷವನ್ನು ನಿರ್ಣಯಿಸದು. ಅದನ್ನು ಯಾವ ಕಾರ್ಯಕ್ಕೆ ಒದಗಿಸಲಾಗುತ್ತಿದೆ ಎಂಬುದು ನಿರ್ಣಯಿಸುತ್ತದೆ. ಜೋಳದ ಲಾರಿಗೂ ರಾಕೆಟ್ಟಿನ ಲಾರಿಗೂ ಇರುವ ಅಂತರ ಕೊಳ್ಳುವವನಿಗೆ ಗೊತ್ತಿದೆ, ಹಣ ಹೂಡುವವನಿಗೂ ಗೊತ್ತಿದೆ.

ಎರಡನೆಯ ಆಕ್ಷೇಪ ಗಂಭೀರವಾದುದು. ಗೃಹಸ್ಥನಿಗೆ ವಿರೋಧೀ ಹಿಂಸೆ ಪೂರ್ಣ ವರ್ಜ್ಯವಲ್ಲ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ದೇಶಕ್ಕೆ ರಕ್ಷಣೆ ಬೇಡವೆನ್ನುವುದು, ಗಡಿಯಲ್ಲಿ ನಿಂತ ಯೋಧನನ್ನು ಹಳಿಯುವುದು ಅಧರ್ಮವೇ ಸರಿ. ಆದರೆ ಅದೇ ರಥಮುಸಲ ಸಮರಕ್ಕೆ ರಾಜಾಜ್ಞೆಯಿಂದ ಹೊರಟ ಶ್ರಾವಕ ವರುಣನನ್ನು ನೆನೆಯಬೇಕು. ತನ್ನನ್ನು ಮೊದಲು ಹೊಡೆದವನನ್ನು ಮಾತ್ರ ಹೊಡೆಯುವೆನೆಂಬ ನಿಯಮ ಹಿಡಿದೇ ಅವನು ರಣಕ್ಕಿಳಿದ. ಪ್ರಾಣವನ್ನು ಪಣವಿಟ್ಟವನಿಗೇ ಇಷ್ಟು ಮಿತಿಯಿರುವಾಗ, ಮನೆಯಲ್ಲಿ ಕುಳಿತು ಲಾಭಾಂಶ ಎಣಿಸುವವನಿಗೆ ಮಿತಿಯೇ ಇಲ್ಲವೇ? ವಿರೋಧೀ ಹಿಂಸೆಯ ರಿಯಾಯಿತಿ ಆಪತ್ತಿಗೆ ಸಂದದ್ದು, ಲೋಭಕ್ಕಲ್ಲ. ಯುದ್ಧದ ಸುದ್ದಿ ಬಂದಾಗ ಷೇರಿನ ದರ ಏರಿತೆಂದು ಹಿಗ್ಗುವ ಮನಸ್ಸು ಅಪಧ್ಯಾನದಲ್ಲಿ ತೊಡಗಿದೆ.

ಹಾನಗಲ್ಲಿನ ಸೀಮೆಯ ವೀರಗಲ್ಲುಗಳಲ್ಲಿ ಹೊಡೆದವನೂ ಮಡಿದವನೂ ಎದುರುಬದುರಾಗಿ ಕಾಣುತ್ತಾರೆ. ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕನಾಯಕ ರಣದಲ್ಲಿ ಗಾಯಗೊಂಡ ಮೇಲೆ ಕತ್ತಿ ಬಿಟ್ಟು ಕನಕದಾಸನಾದನೆಂದು ಜನ ನಂಬಿದ್ದಾರೆ. ಗಾಯ ಕಂಡವನಿಗೆ ವೈರಾಗ್ಯ ಸಾಧ್ಯ. ಉಕ್ಕಿನ ಕವಚ ಗಾಯವನ್ನು ಮರೆಮಾಡುತ್ತದೆ. ಷೇರುಪತ್ರ ಕವಚವನ್ನೂ ಮರೆಮಾಡುತ್ತದೆ.

ಆದ್ದರಿಂದ ಪರಿಗ್ರಹ ಪರಿಮಾಣ ವ್ರತವು ಎಷ್ಟು ಧನವೆಂದು ಕೇಳಿದರೆ ಸಾಲದು, ಎಲ್ಲಿಂದ ಬಂದ ಧನವೆಂದೂ ಕೇಳಬೇಕು. ಮುಂದಿನ ದಶಲಕ್ಷಣ ಪರ್ವದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಹೂಡಿಕೆಗಳ ಪಟ್ಟಿಯನ್ನು ತೆರೆದು ನೋಡಲಿ. ಬಸದಿಯ ಆಡಳಿತ ಮಂಡಳಿಗಳು ದೊಡ್ಡ ದಾನ ಸ್ವೀಕರಿಸುವ ಮುನ್ನ ಅದರ ಮೂಲವನ್ನು ವಿಚಾರಿಸಲಿ. ಭರತನೆಸೆದ ಚಕ್ರರತ್ನ ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು. ಇಂದಿನ ಚಕ್ರಗಳು ತಾವಾಗಿ ನಿಲ್ಲುವುದಿಲ್ಲ. ಅವುಗಳಿಗೆ ಎಣ್ಣೆಯೆರೆಯುವ ಕೈಯನ್ನಾದರೂ ಶ್ರಾವಕನು ಹಿಂದೆಗೆಯಬಹುದು.