ಕೌದಿಯ ಗಂಟಿಗೆ ಮನೆಯಲ್ಲಿ ಜಾಗವಿಲ್ಲವೆ?

ಮನೆಯೊಳಗಿನ ಹಳೆಯ ಸಾಮಾನನ್ನೆಲ್ಲ ಹೊರಗೆ ಹಾಕಿರಿ ಎಂಬ ಉಪದೇಶ ಈಗ ಬಹಳ ಅಗ್ಗವಾಗಿದೆ. ವರ್ಷವಿಡೀ ಕೈ ಮುಟ್ಟದ ವಸ್ತು ಮನೆಯಲ್ಲಿರಬಾರದಂತೆ. ಅರ್ಧಕ್ಕೆ ನಿಂತ ಕೆಲಸ ಕಣ್ಣಿಗೆ ಬಿದ್ದರೆ ಮನಸ್ಸಿಗೆ ಭಾರವಂತೆ. ಹರಿದ ಅರಿವೆಯಿದ್ದಲ್ಲಿ ದರಿದ್ರಲಕ್ಷ್ಮಿ ಬಂದು ಕೂರುವಳಂತೆ. ಪತ್ರಿಕೆಯ ಅಂಕಣಕಾರರು, ವಾಸ್ತುಪಂಡಿತರು, ಮನೆಯ ನಕ್ಷೆ ಬರೆಯುವ ಎಂಜಿನಿಯರರು, ಬೇರೆ ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದ ಈ ಮೂವರು, ಇದೊಂದು ಮಾತಿನಲ್ಲಿ ಒಂದಾಗಿದ್ದಾರೆ. ಇವರ ಒಗ್ಗಟ್ಟಿಗೆ ಮೊದಲು ಬಲಿಯಾಗುವುದು ಯಾವುದು ಬಲ್ಲಿರಾ? ಗಂಡಸರ ಹಳೆಯ ಕಾಗದಪತ್ರಗಳಿಗೆ ಏನೂ ಆಗುವುದಿಲ್ಲ. ಕೆಟ್ಟು ನಿಂತ ರೇಡಿಯೋ ತನ್ನ ಸ್ಥಾನದಲ್ಲಿಯೇ ಇರುತ್ತದೆ. ಬಾಗಿಲಿನ ಆಚೆಗೆ ಹೋಗುವುದು ಹೆಂಗಸರ ಕೌದಿಯ ಗಂಟು.

ಆ ಗಂಟಿನ ಪರವಾಗಿ ವಕಾಲತ್ತು ವಹಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಬಿಡುವಾದಾಗ ಸೂಜಿ ಹಿಡಿಯುವುದು ನನ್ನ ರೂಢಿ. ನಮ್ಮ ಮನೆಯಲ್ಲಿ ಸದ್ಯಕ್ಕೆ ಮೂರು ಅರ್ಧ ಕೌದಿಗಳಿವೆ. ಬಂದವರು, “ಮನಿ ಛಂದ ಅದ ಮೇಡಂ, ಖರೆ ಈ ಗಂಟು ಯಾಕ ಇಟ್ಟೀರಿ?” ಎಂದು ಕೇಳುತ್ತಾರೆ. ಕಪಾಟಿನಲ್ಲಿ ಅರ್ಧ ಓದಿ ಗುರುತಿಟ್ಟ ಇಪ್ಪತ್ತು ಪುಸ್ತಕಗಳಿವೆ. ಅವನ್ನು ಕಂಡು ಇದುವರೆಗೆ ಯಾರೂ ಹಾಗೆ ಕೇಳಿದ್ದಿಲ್ಲ. ಅರ್ಧ ಓದಿದ ಪುಸ್ತಕ ವಿದ್ವತ್ತಿನ ಲಕ್ಷಣ, ಅರ್ಧ ಹೊಲಿದ ಕೌದಿ ಮೈಗಳ್ಳತನದ ಲಕ್ಷಣ! ಈ ನ್ಯಾಯ ಎಲ್ಲಿಯದು?

ಸೇಡಂ, ಚಿತ್ತಾಪುರ, ಚಿಂಚೋಳಿಯ ಸೀಮೆಯವರಿಗೆ ಕೌದಿಯೆಂದರೇನೆಂದು ಹೇಳಬೇಕಾದುದಿಲ್ಲ. ಹಾಸಿಗೆ ಹೊದಿಕೆಗಳು ಅಂಗಡಿಯಲ್ಲಿಯೇ ಹುಟ್ಟುತ್ತವೆಂದು ನಂಬಿ ಬೆಳೆದವರಿಗಾಗಿ ಹೇಳುತ್ತೇನೆ. ಉಟ್ಟು ಉಟ್ಟು ಮೆತ್ತಗಾದ ಸೀರೆಯೊಂದನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಹಳೆಯ ಧೋತರ, ಕುಪ್ಪಸ, ಅಂಗಿ, ಲಂಗಗಳ ತುಂಡುಗಳನ್ನು ಸುಕ್ಕಿಲ್ಲದಂತೆ ಹರವಿ, ಮೇಲೊಂದು ಅರಿವೆ ಹೊದಿಸಿ, ಅಂಚು ಮಡಿಚಿ, ಅಂಚಿನಿಂದ ನಡುವಿನ ಕಡೆಗೆ ದಪ್ಪ ನೂಲಿನಿಂದ ಸಾಲುಸಾಲಾಗಿ ಹೊಲಿಯುತ್ತ ಹೋದರೆ ಕೌದಿಯಾಗುತ್ತದೆ. ಶಹಾಬಾದ್ ಕಲ್ಲಿನ ನೆಲ ಪುಷ್ಯಮಾಸದ ಬೆಳಗಿನಲ್ಲಿ ಎಷ್ಟು ತಣ್ಣಗಿರುವುದೆಂದು ಅದರ ಮೇಲೆ ಬರಿಗಾಲಿನಲ್ಲಿ ನಡೆದವರು ಬಲ್ಲರು. ಆ ಕಲ್ಲಿಗೂ ನಮ್ಮ ಹಿರಿಯರ ಮೈಗೂ ನಡುವೆ ಇದ್ದದ್ದು ಈ ಹೊಲಿಗೆಯೇ.

ಈಗ ವಿಚಾರಮಾಡಿ ನೋಡಿರಿ. ಕೌದಿಗೆ ಬೇಕಾದ ಸಾಮಗ್ರಿ ಹಣ ಚೆಲ್ಲಿದರೆ ಬರುವಂಥದಲ್ಲ. ಇಳಕಲ್ಲಿನ ಸೀರೆ ಮೆತ್ತಗಾಗಬೇಕಾದರೆ ಒಬ್ಬಳು ಅದನ್ನು ವರ್ಷಗಟ್ಟಲೆ ಉಡಬೇಕು. ಮಗನ ಅಂಗಿ ಅವನಿಗೆ ಗಿಡ್ಡಾಗಬೇಕು. ಆದ್ದರಿಂದ ನಿಂತು ನಿಂತು ಸಾಗುವುದು ಕೌದಿಯ ಸ್ವಭಾವ. ಕೆಂಪು ಅಂಚು ಸಿಗುವ ತನಕ ಒಂದು ಕಾಯುತ್ತದೆ. ಒಳಪದರಕ್ಕೆ ಧೋತರ ಸಾಲದೆ ಇನ್ನೊಂದು ಕಾಯುತ್ತದೆ. ಅಷ್ಟರಲ್ಲಿ ಮಗಳು ಚೊಚ್ಚಲ ಬಾಣಂತನಕ್ಕೆ ಬರುವ ಸುದ್ದಿ ಬಂದರೆ ಎರಡನ್ನೂ ಕಟ್ಟಿಟ್ಟು ಕುಂಚಿಗೆಗೂ ತೊಟ್ಟಿಲ ಕೌದಿಗೂ ಕೈಹಾಕಬೇಕಾಗುತ್ತದೆ. ಕಣ್ಣಿಗೆ ಹಗಲ ಬೆಳಕು ಬೇಕು. ಉದ್ದನೆಯ ಸಾಲಿಗೆ ಎದುರು ಕೂತು ಅರಿವೆ ಹಿಡಿಯಲು ಇನ್ನೊಬ್ಬಳು ಬೇಕು. ಇವೆಲ್ಲವೂ ರೊಟ್ಟಿ ಬಡಿದು ಮುಗಿದ ಮೇಲಿನ ಹೊತ್ತಿನಲ್ಲಿ ಕೂಡಿಬರಬೇಕು. ನಮ್ಮ ಒಕ್ಕಲಿಗನು ಹೆಸರು, ತೊಗರಿ, ಜೋಳ ಮೂರನ್ನೂ ಬಿತ್ತುತ್ತಾನೆ. ಶ್ರಾವಣದಲ್ಲಿ ಅವನ ತೊಗರಿ ಹಸಿರಾಗಿ ನಿಂತಿರುವುದನ್ನು ಕಂಡು, “ಇವನು ಯಾವುದನ್ನೂ ಮುಗಿಸದ ಮನುಷ್ಯ” ಎಂದು ಯಾರಾದರೂ ಹೇಳುವುದುಂಟೆ? ಒಂದೊಂದು ಪೈರಿಗೂ ಅದರದರ ಕಾಲವಿದೆಯೆಂಬ ತಿಳಿವಳಿಕೆ ಹೊಲದ ಬದುವಿಗೆ ನಿಂತುಹೋಗಿದೆ. ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ.

ಮುಗಿಯದ ಕೆಲಸವನ್ನು ನಮ್ಮ ನೆಲದ ಹಿರಿಯರು ಹೇಗೆ ಕಂಡರೆಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನು ಗುರುವೆಂದು ಗೌರವಿಸಿದವರು ಜಿನಸೇನಾಚಾರ್ಯರು. ಅವರ ಗುರು ವೀರಸೇನರು ‘ಜಯಧವಳ’ವನ್ನು 20,000 ಶ್ಲೋಕಗಳ ಪ್ರಮಾಣದಷ್ಟು ಬರೆದು ತೀರಿಕೊಂಡರು. ಜಿನಸೇನರು ಅದಕ್ಕೆ 40,000 ಶ್ಲೋಕಗಳಷ್ಟು ಸೇರಿಸಿ 837ರಲ್ಲಿ ಪೂರೈಸಿದರು. ಅದೇ ಜಿನಸೇನರ ‘ಆದಿಪುರಾಣ’ ಅವರ ಕೈಯಲ್ಲಿ ಮುಗಿಯಲಿಲ್ಲ. 42 ಪರ್ವಗಳಾಗಿ 43ನೆಯದರ ಆರಂಭಕ್ಕೇ ನಿಂತಿತು. ಶಿಷ್ಯರಾದ ಗುಣಭದ್ರರು ಉಳಿದುದನ್ನು ಪೂರೈಸಿ, ಮೇಲೆ ‘ಉತ್ತರಪುರಾಣ’ವನ್ನೂ ಬರೆದರು. 941ರಲ್ಲಿ ಪಂಪನು ಕನ್ನಡದಲ್ಲಿ ‘ಆದಿಪುರಾಣ’ ರಚಿಸಿದಾಗ ಅವನಿಗೆ ಆಧಾರವಾದದ್ದು ಜಿನಸೇನರು ಅರ್ಧಕ್ಕೆ ಬಿಟ್ಟ ಆ ಗ್ರಂಥವೇ. ಗುರುಗಳು ಅಗಲಿದ ಮರುದಿನ ಯಾವನಾದರೂ ಚೊಕ್ಕಟತನದ ಭಕ್ತನು ಬಂದು, “ಇವು ಮುಗಿಯದ ಓಲೆಗಳು, ಜಾಗ ತಿನ್ನುತ್ತಿವೆ” ಎಂದು ಒಲೆಗೆ ಹಾಕಿದ್ದರೆ ನಾವು ತರಗತಿಯಲ್ಲಿ ಏನನ್ನು ಪಾಠ ಹೇಳುತ್ತಿದ್ದೆವು?

ಕೌದಿಗೆ ಪುರಾಣದ ಹೋಲಿಕೆ ಅತಿಯಾಯಿತೆಂದು ಕೆಲವರು ಮೂಗು ಮುರಿದಾರು. ಮುರಿಯಲಿ. ಅತ್ತೆ ಅರ್ಧ ಹೊಲಿದು ಬಿಟ್ಟುಹೋದ ಕೌದಿಯನ್ನು ಸೊಸೆ ಬಿಚ್ಚಿ ನೋಡಿ, ಅವಳ ಹೊಲಿಗೆಯ ಸಾಲನ್ನು ಕಂಡು, ಅದೇ ಸಾಲಿಗೆ ತನ್ನ ಸಾಲು ಕೂಡಿಸುವಾಗ ನಡೆಯುವುದು ಅದೇ ಕೆಲಸ. ಅದಕ್ಕೆ ಪ್ರಶಸ್ತಿಶ್ಲೋಕ ಬರೆಯುವವರಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಎದುರುಪಕ್ಷದವರ ವಾದಗಳು. ಮೊದಲನೆಯದು ಲೆಕ್ಕದವರದು: ವಾರಗಟ್ಟಲೆ ಬೆನ್ನು ಬಗ್ಗಿಸಿ ಕೂರುವುದರ ಬದಲು ಬಜಾರದಿಂದ ಒಂದು ಕಂಬಳಿ ತಂದರೆ ಅಗ್ಗವಲ್ಲವೆ, ಚಿಂದಿ ಹೊದೆಯುವ ದುರ್ಗತಿ ಏಕೆ, ಎನ್ನುತ್ತಾರೆ. ಇವರು ತಮ್ಮ ಅಗ್ಗದ ಕಂಬಳಿಯ ಕುಲಗೋತ್ರವನ್ನು ವಿಚಾರಿಸಿಲ್ಲ. ಹೊರದೇಶಗಳವರು ತೊಟ್ಟು ಎಸೆದ ಉಣ್ಣೆಯ ಉಡುಪುಗಳು ಹಡಗಿನಲ್ಲಿ ಬಂದು ಹರಿಯಾಣದ ಪಾಣಿಪತ್ತನ್ನು ಸೇರುತ್ತವೆ. ಅಲ್ಲಿ ಅವುಗಳ ಗುಂಡಿ ಕಿತ್ತು, ಬಣ್ಣ ಬೇರ್ಪಡಿಸಿ, ಚಿಂದಿ ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಅದಕ್ಕೆ ‘ಶಾಡಿ’ ಎಂದು ಹೆಸರು. ಕಾಣದ ದೇಶದ ಕಾಣದ ಮನುಷ್ಯರ ಚಿಂದಿಯನ್ನು ಹೊದೆಯಲು ನಾಚದವರು ತಮ್ಮ ಅಜ್ಜಿಯ ಸೀರೆಯನ್ನು ಹೊದೆಯಲು ನಾಚುತ್ತಾರೆ! ಪಾಣಿಪತ್ತಿನ ಕೆಲಸಗಾರರನ್ನು ನಾನು ಹಳಿಯುತ್ತಿಲ್ಲ. ಹಳೆಯದನ್ನು ಎಸೆಯಬಾರದೆಂಬ ನನ್ನ ಪಕ್ಷವನ್ನೇ ಅವರು ಕಾರಖಾನೆಯಲ್ಲಿ ನಡೆಸುತ್ತಿದ್ದಾರೆ.

ಎರಡನೆಯದು ಚೊಕ್ಕಟತನದ ವಾದ. ಜಪಾನಿನ ಮಾರಿ ಕೊಂಡೊ ಎಂಬಾಕೆಯ ಪುಸ್ತಕವೊಂದು 2014ರಲ್ಲಿ ಇಂಗ್ಲಿಷಿಗೆ ಬಂದು ಜಗತ್ತಿಗೆಲ್ಲ ಮನೆ ಓರಣ ಮಾಡುವ ಪಾಠ ಹೇಳಿತು. ಕೈಯಲ್ಲಿ ಹಿಡಿದಾಗ ಸಂತೋಷ ಕೊಡುವ ವಸ್ತುವನ್ನಷ್ಟೇ ಇಟ್ಟುಕೊಳ್ಳಬೇಕೆಂಬುದು ಆಕೆಯ ಸೂತ್ರ. ಅದನ್ನು ಒಪ್ಪಿದರೂ ನನ್ನ ಗಂಟಿಗೆ ಭಯವಿಲ್ಲ, ಏಕೆಂದರೆ ಅದು ಸಂತೋಷ ಕೊಡುತ್ತದೆ. ತಮಾಷೆಯೆಂದರೆ ಅದೇ ಜಪಾನಿನ ಉತ್ತರದ ಅಓಮೊರಿ ಸೀಮೆಯಲ್ಲಿ ಹಿಂದೆ ಹತ್ತಿ ಬೆಳೆಯದ ಬಡ ರೈತರು ತುಂಡಿನ ಮೇಲೆ ತುಂಡು ಹೊಲಿದು ಮಾಡಿಕೊಂಡ ‘ಬೊರೊ’ ಎಂಬ ಹೊದಿಕೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಇವೆ. ಸಕಾಲದಲ್ಲಿ ಯಾರೋ ಎಸೆಯದೆ ಉಳಿಸಿದ್ದರಿಂದ ಇವೆ.

ಮೂರನೆಯದು ಕಲಾರಸಿಕರ ವಾದ. ಇವರು ಕೌದಿಯ ಶತ್ರುಗಳಲ್ಲ, ಅದೇ ತೊಂದರೆ. ಕೌದಿ ಬಹಳ ಸುಂದರವೆಂದು ಹೊಗಳಿ, ಅಂಗಡಿಯಿಂದ ದೊಡ್ಡ ಬೆಲೆಗೆ ಕೊಂಡು ಗೋಡೆಗೆ ತೂಗುಹಾಕುತ್ತಾರೆ. ಆದರೆ ಅದೇ ಮನೆಯಲ್ಲಿ ತಾಯಿಯ ಗಂಟನ್ನು ಮಾಳಿಗೆಗೆ ಸಾಗಿಸುತ್ತಾರೆ. ಅಮೆರಿಕದ ಅಲಬಾಮದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಕರಿಯ ಹೆಂಗಸರು, ಗುಲಾಮರ ಸಂತತಿಯವರು, ಗಂಡಂದಿರ ಸವೆದ ಕೆಲಸದ ಉಡುಪುಗಳನ್ನು ಕತ್ತರಿಸಿ ಚಳಿಗೆಂದು ಕೌದಿ ಹೊಲಿದರು. 2002ರಲ್ಲಿ ಅವು ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು; 2006ರಲ್ಲಿ ಅಂಚೆಚೀಟಿಯ ಮೇಲೆ ಬಂದವು. ಬಂದದ್ದು ಸಂತೋಷವೇ. ಆದರೆ ಅವು ಹುಟ್ಟಿದ್ದು ಚಳಿ ಹೊಕ್ಕ ಗುಡಿಸಲುಗಳಲ್ಲಿ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರ ‘ಕವಂದಿ’ಯೂ ಹಾಗೆಯೇ. ನಾಲ್ಕು ಮೂಲೆಗೆ ಮಡಿಚಿದ ತುಂಡುಗಳ ಹೂವು ಕೂರಿಸದೆ ಅದು ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಪೂರ್ತಿ ಯಾವುದು, ಅಪೂರ್ತಿ ಯಾವುದು ಎಂಬುದನ್ನು ಹೊಲಿಯುವ ಕೈ ನಿರ್ಣಯಿಸಬೇಕು. ನೋಡುವ ಕಣ್ಣಿಗೆ ಆ ಅಧಿಕಾರವಿಲ್ಲ. ಕೈಗೆ ಜಾಗ ಕೊಡದೆ ಗೋಡೆಗೆ ಶೃಂಗಾರ ಬಯಸುವುದು ಬಾವಿ ಮುಚ್ಚಿ ಕೊಡಕ್ಕೆ ಪೂಜೆ ಮಾಡಿದಂತೆ.

ಹಾಗಾದರೆ ಬೇಕಾದದ್ದೇನು? ಜಾಗ. ಆಡಕಿಯಂಥ ಊರಿನ ಹಳೆಯ ಮನೆಗಳಲ್ಲಿ ಪಡಸಾಲೆಯೆಂಬುದೊಂದಿತ್ತು. ಕಲ್ಲುಹಾಸಿನ ಮೇಲೆ ಕೌದಿ ಬಿಚ್ಚಿಟ್ಟರೆ ನಾಲ್ಕು ದಿನ ಅದು ಅಲ್ಲೇ ಇರುತ್ತಿತ್ತು. ನೆರೆಯವಳು ಬಂದು ಮಾತಾಡುತ್ತಲೇ ಎರಡು ಸಾಲು ಹಾಕಿ ಹೋಗುತ್ತಿದ್ದಳು. ಈಗಿನ 30-40ರ ನಿವೇಶನದ ಮನೆಯ ನಕ್ಷೆ ನೋಡಿರಿ: ದೇವರಿಗೊಂದು ಕೋಣೆ, ಕಾರಿಗೊಂದು ಕೋಣೆ, ಟೀವಿಗೊಂದು ಗೋಡೆ. ಹೊಲಿಗೆಗೆ ಎಲ್ಲಿ ಎಂದು ಪರಿಚಯದ ಎಂಜಿನಿಯರರೊಬ್ಬರನ್ನು ಕೇಳಿದೆ. “ಸ್ಟೋರ್ ರೂಮಿನ್ಯಾಗ ಮಾಡ್ಕೋರಿ ಮೇಡಂ” ಎಂದರು. ಅಲ್ಲಿ ಕಿಟಕಿಯೂ ಇಲ್ಲ, ಕಾಲು ಚಾಚಲು ನೆಲವೂ ಇಲ್ಲ. ಅವರ ಕಚೇರಿಯ ಮೇಜನ್ನು ಅಲ್ಲಿ ಹಾಕಿಕೊಳ್ಳುವರೆ?

ನಾನು ಕೇಳುವುದು ಹೆಚ್ಚಲ್ಲ. ಕಿಟಕಿಯ ಬಳಿ ಏಳು ಅಡಿ ಉದ್ದ, ಐದು ಅಡಿ ಅಗಲದ ನೆಲ. ಹಾಸಿದ್ದನ್ನು ಸಂಜೆಗೆ ಎತ್ತಿಡುವ ಶಿಕ್ಷೆಯಿಲ್ಲದ ನೆಲ. ಪಕ್ಕದಲ್ಲೊಂದು ಟ್ರಂಕು. ಇದಕ್ಕೆ ಪ್ರತಿಯಾಗಿ ಹೊಲಿಯುವವಳಿಂದಲೂ ಶಿಸ್ತನ್ನು ಕೇಳಬಹುದು, ಕೇಳಬೇಕು. ಒಂದು ಕೌದಿಗೆ ಒಂದೇ ಗಂಟು. ಅದರ ಮೇಲ್ಪದರ, ಒಳಪದರ, ನೂಲು ಎಲ್ಲವೂ ಅದರಲ್ಲಿಯೇ ಇರತಕ್ಕದ್ದು. ಗಂಟಿಗೊಂದು ಚೀಟಿ: ಯಾರಿಗಾಗಿ, ಎಲ್ಲಿಗೆ ನಿಂತಿದೆ, ಏನು ಬೇಕಾಗಿದೆ. ಮೂರು ಗಂಟಿರುವಾಗ ನಾಲ್ಕನೆಯದನ್ನು ಕಟ್ಟಬಾರದು. ಹತ್ತಿಯ ಅರಿವೆ ಬೇರೆ, ಪಾಲಿಯೆಸ್ಟರ್ ಬೇರೆ; ಎರಡನೆಯದು ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಅದನ್ನು ಆಸೆಯಿಂದ ಕೂಡಿಡುವುದು ವ್ಯರ್ಥ. ತೊಳೆದು, ಬಿಸಿಲಿಗೆ ಒಣಗಿಸಿ, ಬೇವಿನೆಲೆ ಹಾಕದೆ ಯಾವ ತುಂಡೂ ಟ್ರಂಕಿಗೆ ಇಳಿಯಬಾರದು. ಎದ್ದೇಳುವಾಗ ಸೂಜಿಗಳನ್ನು ಎಣಿಸಬೇಕು. ಇಷ್ಟಾದ ಮೇಲೆ ಅದನ್ನು ಕಸವೆನ್ನುವವರಿಗೆ ಕಣ್ಣಿನ ವೈದ್ಯರನ್ನು ಕಾಣಲು ಹೇಳಬೇಕಷ್ಟೆ.

ಹೊಲಿಯುವವಳೆಂದರೆ ಮನೆಯೊಡತಿಯೊಬ್ಬಳೇ ಅಲ್ಲವೆಂಬುದನ್ನೂ ಮರೆಯಬಾರದು. ಗೊಂದಳಿಗ, ಬುಡಗ ಜಂಗಮ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಮನೆಮನೆಗೆ ಬಂದು ಕೌದಿ ಹೊಲಿದುಕೊಟ್ಟು ಹೊಟ್ಟೆ ಹೊರೆದವರು. ಅವರು ಬಂದಾಗ ಬಿಚ್ಚಲು ಮನೆಯಲ್ಲಿ ಗಂಟಿರಬೇಕು, ಕೂರಿಸಲು ನೆಲವಿರಬೇಕು. ಹಳೆಯ ಸೀರೆಯನ್ನು ಸ್ಟೀಲಿನ ಡಬ್ಬಿಗೆ ಮಾರಿ, ಪಡಸಾಲೆಯನ್ನು ಕಾರಿಗೆ ಬಿಟ್ಟುಕೊಟ್ಟ ಮನೆಯಲ್ಲಿ ಅವರಿಗೇನು ಕೆಲಸ? ಗೋಡೆಯ ಕೌದಿಗೆ ಕೇಳಿದಷ್ಟು ಕೊಡುವ ರಸಿಕರು ಬಾಗಿಲಿಗೆ ಬಂದ ಇವರೊಡನೆ ಹತ್ತು ರೂಪಾಯಿಗೆ ಚೌಕಾಶಿ ಮಾಡುವುದನ್ನು ಕಂಡಿದ್ದೇನೆ. ಕಲೆಯ ಮೇಲಿನ ಪ್ರೀತಿಗೆ ಇದಕ್ಕಿಂತ ಕೆಟ್ಟ ಸಾಕ್ಷಿ ಬೇಡ.

30-40ರ ನಿವೇಶನವೆಂದರೆ 1,200 ಚದರಡಿ. ನಾನು ಕೇಳಿದ ನೆಲ 35 ಚದರಡಿ. ಹೊಸ ಮನೆಗೆ ಬುನಾದಿ ಹಾಕಿಸುತ್ತಿರುವ ಮಹನೀಯರು ನಕ್ಷೆಯನ್ನು ಇನ್ನೊಮ್ಮೆ ಬಿಚ್ಚಿ, ಹುಟ್ಟಿದಂದಿನಿಂದ ತಮ್ಮನ್ನು ಹೊದಿಸಿ ಮಲಗಿಸಿದವರ ಕೈಗೆ ಅಷ್ಟು ಜಾಗ ಅದರಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಿ.