ಬೆಣ್ಣೆಯ ಗಡಿಗೆಯೂ ಭಾಷ್ಯಕಾರರೂ

ರವಿವರ್ಮನ ಅಚ್ಚುಕೂಟವು ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ತರುವಾಯ ದೇವರ ವರ್ಣಪಟಗಳು ಮನೆಮನೆಯ ಗೋಡೆಯನ್ನೇರಿದುವು. ಹಳೆಯ ಬಾಲಕೃಷ್ಣನ ಪಟವೊಂದನ್ನು ಕಂಡೊಡನೆ ನಮ್ಮ ಭಾಷ್ಯಕಾರರು, ಬೆಣ್ಣೆಯೆಂದರೆ ಜ್ಞಾನ, ಗಡಿಗೆಯೆಂದರೆ ದೇಹ, ಕಡೆಗೋಲೆಂದರೆ ಮನನವೆಂದು ಪಟ್ಟಿ ಹಾಕತೊಡಗುವರು. ಹಾಗಾದರೆ ಮೊಸರು ಕಡೆದವಳ ರಟ್ಟೆಯ ನೋವು ಯಾವುದರ ಸಂಕೇತ?

ಉಡುಪಿಯ ಕೃಷ್ಣನ ಕೈಯಲ್ಲಿರುವುವು ಕಡೆಗೋಲು, ಹಗ್ಗ, ಶಂಖಚಕ್ರಗಳಲ್ಲ. ಭಾಗವತದ ಮಗುವು ಕಡೆಗೋಲನ್ನು ಹಿಡಿದು ತಾಯಿಯ ಕೆಲಸವನ್ನೇ ನಿಲ್ಲಿಸಿತು. ಕಡೆದು ಬಲ್ಲವರಿಗೆ ಅದರ ಅರ್ಥವನ್ನು ಬೇರೆ ಹೇಳಬೇಕೆ? ಪಟದ ನೆಲುವಿನ ಮಾತೂ ಹಾಗೆಯೇ. ಬೆಕ್ಕಿಗೆಟುಕದಂತೆ ತೂಗಿದ ಗಡಿಗೆ ಮಗುವಿಗೂ ಎಟುಕದು. ಆ ಎತ್ತರಕ್ಕೆ ನಿಷೇಧದ ಅರ್ಥ ಬಂದುದು ಅಡಿಗೆಮನೆಯಿಂದಲೇ ಹೊರತು ವೇದಾಂತದಿಂದಲ್ಲ.

ಸಂಕೇತವೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ವಸ್ತುವನ್ನರಿಯದವನಿಗೆ ಸಂಕೇತವು ದಕ್ಕದು. ಹೊನ್ನೆಮರಡಿನ ಆಸುಪಾಸಿನಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುವುದು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆಯ ಎಷ್ಟೋ ಊರುಗಳು ಮುಳುಗಿದುವು. ಅವುಗಳೊಡನೆ ಅಡಿಗೆಮನೆಗಳೂ ಮುಳುಗಿದುವು. ನೆಲುವನ್ನು ಪಟದಲ್ಲಲ್ಲದೆ ಬೇರೆಲ್ಲಿಯೂ ಕಾಣದ ಮಕ್ಕಳು ಇಂದು ನಮ್ಮಲ್ಲಿರುವರು. ಭಾಷ್ಯಕಾರ ಮಹಾಶಯರೇ, ಮೊದಲು ಅವರಿಗೆ ಅದರ ಹೆಸರನ್ನು ಕಲಿಸಿರಿ, ಅದನ್ನು ಹೆಣೆಯುವ ಬಗೆಯನ್ನು ತೋರಿಸಿರಿ. ಜೀವಾತ್ಮನ ಪ್ರಸ್ತಾಪವು ಆಮೇಲೆ ಬರಲಿ.